ಎಪ್ಪತ್ತು ದಾಟಿದರೆ ನಡುಗುವ ಗಾಡಿ

ಪಿಕಪ್ಪು 70 ದಾಟಿದರೆ ನಡುಗುತ್ತೆ, ಒಬ್ಬ ಮೇಸ್ತ್ರಿ ಶಾಕ್ ಅಬ್ಸಾರ್ಬರ್ ಬದಲಿಸು ಅಂದ, ಇನ್ನೊಬ್ಬ ಟೈ ರಾಡ್ ಎಂಡ್ ಹೋಗಿದೆ ಅಂದ, ಯಾವುದಕ್ಕೆ ದುಡ್ಡು ಹಾಕಲಿ ಅಂತ ಕೇಳಿದೆಯಲ್ಲ ತಮ್ಮಾ. ಸದ್ಯಕ್ಕೆ ಯಾವುದಕ್ಕೂ ಹಾಕಬೇಡ. ಅವೆರಡೂ ಸವೆದೇ ಇರಬಹುದು. ನಮ್ಮ ಕುರೆಕುಪ್ಪದ ಸುತ್ತ ಅದಿರು ಲಾರಿಗಳ ಬೆನ್ನಿಗೆ ಓಡುವ ಗಾಡಿಯಲ್ಲಿ ಸವೆಯದೆ ಉಳಿಯೋದು ಏನಿದೆ ಹೇಳು? ಆದರೆ ಅವೆರಡೂ ತಿರುಗುವ ಸಾಮಾನಲ್ಲ. ಇಂಥ ವೇಗಕ್ಕೆ ಬಂದು, ವೇಗ ಇಳಿಸಿದರೆ ಹೋಗುವ ನಡುಕ ಸಾಮಾನ್ಯವಾಗಿ ತಿರುಗುವ ಸಾಮಾನಿನಲ್ಲೇ ಹುಟ್ಟುತ್ತೆ. ಸತ್ತ ಶಾಕು, ಸಡಿಲ ಟೈ ರಾಡು ಅದನ್ನು ದೊಡ್ಡದು ಮಾಡಿ ನಿನಗೆ ಮುಟ್ಟಿಸುತ್ತವೆ, ಅಷ್ಟೇ. ಟೈ ರಾಡು ನಿಜಕ್ಕೂ ಆಡುತ್ತಿದ್ದರೆ ಹಾಕಿಸಲೇಬೇಕು, ಅದು ಪ್ರಾಣದ ಮಾತು. ಆದರೆ ಅದರಿಂದ ನಡುಕ ಹೋಯಿತು ಅಂದುಕೊಳ್ಳಬೇಡ.

ಲೆಕ್ಕಕ್ಕೆ ಮೂರನ್ನು ಹಿಡಿ: ಎಂಜಿನ್ನು, ಅಲ್ಲಿಂದ ಹಿಂದಿನ ಆಕ್ಸಲ್ ಹೌಸಿಂಗ್‌ವರೆಗೆ ಹೋಗುವ ಶಾಫ್ಟು, ಚಕ್ರಗಳು. ಮೂರೂ ಸಾಮಾನ್ಯವಾಗಿ ಬೇರೆ ಬೇರೆ ವೇಗದಲ್ಲಿ ತಿರುಗೋದರಿಂದ ಕಳ್ಳನನ್ನು ಹಿಡಿಯೋದು ಸುಲಭ. ನಿನ್ನ ಗಾಡಿಯ ಟೈರು ಸುಮಾರು 70 ಸೆಂಟಿಮೀಟರ್ ಎತ್ತರ, ಒಂದು ಸುತ್ತಿಗೆ 2.2 ಮೀಟರ್ ಓಡುತ್ತೆ. ಗಂಟೆಗೆ 80 ಕಿಲೋಮೀಟರ್ ಅಂದರೆ ಸೆಕೆಂಡಿಗೆ 22 ಮೀಟರ್. ಅಂದರೆ ಚಕ್ರ ಸೆಕೆಂಡಿಗೆ 10 ಸುತ್ತು. ಕ್ರೌನ್ ಪಿನಿಯನ್ ಲೆಕ್ಕ ಒಂದಕ್ಕೆ ನಾಲ್ಕರ ಆಸುಪಾಸು ಇರೋದರಿಂದ ಶಾಫ್ಟು ಅದೇ ಹೊತ್ತಿಗೆ 40 ಸುತ್ತು. ಸೆಕೆಂಡಿಗೆ 10 ಅಂದರೆ ಮೈ ಅಲುಗುತ್ತೆ, ಸ್ಟೇರಿಂಗ್ ಕುಣಿಯೋದು ಕಣ್ಣಿಗೇ ಕಾಣುತ್ತೆ. 40 ಅಂದರೆ ಕುಣಿತ ಕಾಣಲ್ಲ, ಹಿಟ್ಟಿನ ಗಿರಣಿಯ ನೆಲದ ಮೇಲೆ ಬರಿಗಾಲಲ್ಲಿ ನಿಂತಂತೆ ಅಂಗಾಲಿಗೆ ಗುಂಯ್ ಅನ್ನುತ್ತೆ. ಕಂಪನ ಅಳೆಯುವ ಆ್ಯಪ್ ಫೋನಿನಲ್ಲೇ ಸಿಗುತ್ತೆ. ಪಕ್ಕದಲ್ಲಿ ಕೂತವರು ಫೋನನ್ನು ಸೀಟಿನ ಕಬ್ಬಿಣಕ್ಕೆ ಒತ್ತಿ ಹಿಡಿದು 10ರದೋ 40ರದೋ ಅಂತ ನೋಡಲಿ. ನೀನು ನೋಡಬೇಡ.

ಪರೀಕ್ಷೆಗೆ ನಮ್ಮ ಹೊಸಪೇಟೆ–ಬಳ್ಳಾರಿ ಹೆದ್ದಾರಿಯೇ ಸಾಕು, ಸ್ಟೀಲ್ ಪ್ಲಾಂಟಿನ ಶಿಫ್ಟ್ ಬಿಡುವ ಹೊತ್ತು ತಪ್ಪಿಸಿ ಹೋಗು. ಸಂಡೂರಿನ ಘಾಟಿಯ ಕಡೆ ಬೇಡ. ಸಮತಟ್ಟು ರಸ್ತೆ, ಹಿಂದೆ ಮುಂದೆ ಯಾರೂ ಇಲ್ಲದ ಜಾಗ ನೋಡಿಕೋ. ನಡುಕ ಬಂದಾಗ ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ಹಾಕಿ ಎಂಜಿನ್ ಐಡಲ್‌ಗೆ ಇಳಿಯಲು ಬಿಡು. ಚಾವಿ ಮಾತ್ರ ತಿರುಗಿಸಬೇಡ, ಬ್ರೇಕು ಸ್ಟೇರಿಂಗು ಎರಡೂ ಬಿಗಿಯಾಗುತ್ತವೆ. ನಡುಕ ನಿಂತರೆ ಎಂಜಿನ್ ಮೌಂಟಿಂಗೋ ಕ್ಲಚ್ ಕಡೆಯದೋ ನೋಡಬೇಕು, ಇಲ್ಲವೇ ಎಳೆಯುವಾಗ ಮಾತ್ರ ನಡುಗುವ ಜಾಯಿಂಟು. ನಿಲ್ಲದಿದ್ದರೆ ಎಂಜಿನ್ನನ್ನು ಬಿಟ್ಟುಬಿಡು. ಅದೇ ವೇಗದಲ್ಲಿ ಒಂದು ಗೇರ್ ಇಳಿಸಿಯೂ ನೋಡು. ಟಾಪ್ ಗೇರಿನಲ್ಲಿ ಎಂಜಿನ್ನೂ ಶಾಫ್ಟೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ತಿರುಗುತ್ತವೆ, ಅಲ್ಲೇ ಬಹಳ ಮಂದಿ ಮೋಸ ಹೋಗೋದು. ಗೇರ್ ಇಳಿಸಿದರೆ ಎಂಜಿನ್ ವೇಗ ಏರುತ್ತೆ, ಶಾಫ್ಟಿನದು ಇದ್ದಷ್ಟೇ ಇರುತ್ತೆ. ಬ್ರೇಕ್ ತುಳಿದಾಗ ಮಾತ್ರ ನಡುಗಿದರೆ ಅದು ಬ್ರೇಕಿನ ಡಿಸ್ಕೋ ಡ್ರಮ್ಮೋ, ಇಷ್ಟೆಲ್ಲ ಯೋಚನೆಯೇ ಬೇಡ.

ಚಕ್ರದ್ದು ಅಂತ ಗೊತ್ತಾಯಿತು ಅನ್ನು. ಬ್ಯಾಲೆನ್ಸಿಂಗ್ ಅಂಗಡಿಗೆ ಹೋಗುವ ಮೊದಲು ಚಕ್ರದ ಒಳಮಗ್ಗುಲಿಗೆ ನೀರು ಹೊಡೆಸು. ಬೇರೆ ಊರಿನವರಿಗೆ ಇದನ್ನು ಹೇಳಬೇಕಿಲ್ಲ, ನಮ್ಮವರಿಗೆ ಹೇಳಲೇಬೇಕು. ಮಳೆಗಾಲದಲ್ಲಿ ಅದಿರಿನ ಕೆಂಪು ಕೆಸರು ರಿಮ್ಮಿನ ಒಳಗೆ ಮೆತ್ತಿ, ಒಂದೇ ಕಡೆ ಒಣಗಿ ಕೂರುತ್ತೆ. ಹೆಮಟೈಟ್ ಅದಿರು ನೀರಿಗಿಂತ ಐದು ಪಟ್ಟು ಭಾರ, ಮಾಮೂಲಿ ಮಣ್ಣಿನ ಕಣ ಎರಡೂವರೆ ಪಟ್ಟು ಚಿಲ್ಲರೆ. ರಿಮ್ಮಿಗೆ ಬಡಿಯುವ ಸೀಸದ ತುಂಡು ಗ್ರಾಮ್ ಲೆಕ್ಕದ್ದು, ಒಂದು ಹಿಡಿ ಅದಿರು ಕೆಸರಿನ ಮುಂದೆ ಅದು ಏನೂ ಅಲ್ಲ. ಕೆಸರು ಇದ್ದ ಹಾಗೆಯೇ ಬ್ಯಾಲೆನ್ಸ್ ಮಾಡಿಸಿದರೆ, ಕೆಸರು ಉದುರಿದ ದಿನ ನಡುಕ ಹೊಸದಾಗಿ ಶುರು.

ತೊಳೆದ ಮೇಲೆ ಜ್ಯಾಕ್ ಹಾಕಿ ಮುಂದಿನ ಚಕ್ರ ಕೈಯಲ್ಲಿ ತಿರುಗಿಸು. ನೆಲದ ಮೇಲೆ ಒಂದು ಕಲ್ಲಿಟ್ಟು, ಅದರ ತುದಿಗೂ ಟೈರಿಗೂ ನಡುವಿನ ಸಂದು ಏರಿಳಿಯುತ್ತಾ ನೋಡು. ಟೈರಿನ ಉಬ್ಬು ಹಾಗೇ ಸಿಕ್ಕಿಬೀಳುತ್ತೆ, ರೀಟ್ರೆಡ್ ಟೈರಾದರೆ ಇನ್ನೂ ಹುಷಾರು. ಟೈರಿನ ವಯಸ್ಸೂ ನೋಡು, ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, 2319 ಅಂದರೆ 2019ರ 23ನೇ ವಾರ ತಯಾರಾದದ್ದು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಳನ್ನು ನಿಲ್ಲಿಸಿದಾಗ ಲಾರಿಗಳು ತಿಂಗಳುಗಟ್ಟಲೆ ನಿಂತಲ್ಲೇ ನಿಂತಿದ್ದವು. ಹಾಗೆ ನಿಂತ ಟೈರಿನ ತಳ ಚಪ್ಪಟೆ ಕೂರುತ್ತೆ, ಟ್ರೆಡ್ ಎಷ್ಟೇ ಚೆನ್ನಾಗಿ ಕಂಡರೂ ಓಡಿಸಿದರೆ ನಡುಗುತ್ತೆ. ನಿನ್ನದೂ ಸೆಕೆಂಡ್ ಹ್ಯಾಂಡ್ ಗಾಡಿ, ಎಷ್ಟು ದಿನ ನಿಂತಿತ್ತು ಅಂತ ಹಳೇ ಮಾಲೀಕನನ್ನು ಕೇಳು. ಅನುಮಾನ ತೀರದಿದ್ದರೆ ಮುಂದಿನ ಚಕ್ರ ಹಿಂದಕ್ಕೆ ಹಾಕು. ನಡುಕ ಸ್ಟೇರಿಂಗ್ ಬಿಟ್ಟು ಸೀಟಿಗೆ ಬಂದರೆ ಆ ಚಕ್ರವೇ ಅಪರಾಧಿ. ನಟ್ಟುಗಳನ್ನು ಎದುರುಬದುರಾಗಿ ಬಿಗಿ ಮಾಡು, ಸ್ವಲ್ಪ ದೂರ ಓಡಿಸಿ ಮತ್ತೊಮ್ಮೆ ಬಿಗಿ ನೋಡು.

ಶಾಫ್ಟಿನ ವಿಷಯಕ್ಕೆ ಬಂದರೆ, ನನ್ನ ಅನುಮಾನ ನಿನ್ನ ಗಾಡಿಯ ಪಾಟಾ (ಲೀಫ್ ಸ್ಪ್ರಿಂಗ್) ಮೇಲೆ. ಕಬ್ಬಿಣದ ಸರಳು, ಸಿಮೆಂಟು, ಕಂಪ್ಲಿಯ ಭತ್ತ ಅಂತ ಹೇರೋಕೆ ಹಳೇ ಮಾಲೀಕ ಎರಡು ಪ್ಲೇಟು ಜಾಸ್ತಿ ಹಾಕಿಸಿದ್ದಾನೆ, ಖಾಲಿ ಗಾಡಿಯ ಹಿಂಭಾಗ ಎದ್ದು ನಿಂತಿರೋದು ದೂರದಿಂದಲೇ ಕಾಣುತ್ತೆ. ಶಾಫ್ಟಿನ ಎರಡು ತುದಿಯ ಕ್ರಾಸುಗಳ, ಅಂದರೆ ಯೂನಿವರ್ಸಲ್ ಜಾಯಿಂಟುಗಳ, ಕೆಲಸ ಹೇಗೆ ಗೊತ್ತಾ? ಕೋನದಲ್ಲಿ ತಿರುಗುವ ಒಂದು ಕ್ರಾಸು ಪ್ರತಿ ಸುತ್ತಿಗೆ ಎರಡು ಸಲ ಶಾಫ್ಟನ್ನು ಚುರುಕು ಮಾಡಿ, ಎರಡು ಸಲ ನಿಧಾನ ಮಾಡುತ್ತೆ. ಇನ್ನೊಂದು ತುದಿಯ ಕ್ರಾಸು ಅಷ್ಟೇ ಕೋನದಲ್ಲಿದ್ದರೆ ಆ ಏರಿಳಿತವನ್ನು ಅಳಿಸಿಹಾಕುತ್ತೆ. ಪಾಟಾ ಏರಿಸಿ ಹೌಸಿಂಗಿನ ಮೂತಿ ತಿರುಗಿತೋ, ಎರಡು ಕೋನ ಹೊಂದಲ್ಲ, ಉಳಿದದ್ದೆಲ್ಲ ನಡುಕ. ಖಾಲಿ ಓಡಿಸಿದಾಗ ನಡುಗಿ, ಲೋಡ್ ಹಾಕಿದರೆ ಸುಮ್ಮನಾಗುವ ಗಾಡಿಗೆ ಬಹುತೇಕ ಇದೇ ರೋಗ. ಹೊಸ ಕ್ರಾಸು ಹಾಕಿಸಿದರೂ ಹೋಗಲ್ಲ. ಜಾಸ್ತಿ ಪ್ಲೇಟು ತೆಗೆಸಬೇಕು, ಪಾಸಿಂಗ್ ತೂಕಕ್ಕಿಂತ ಹೆಚ್ಚು ಹೇರೋದನ್ನೂ ಬಿಡಬೇಕು. ಎರಡನೆಯದು ನಿನಗೆ ಕಷ್ಟ ಅಂತ ನನಗೆ ಗೊತ್ತು.

ಕ್ರಾಸೇ ಹೋಗಿದೆಯಾ ಅಂತ ನೋಡೋಕೆ ಚಕ್ರಕ್ಕೆ ಕಲ್ಲು ಕೊಟ್ಟು, ನ್ಯೂಟ್ರಲ್‌ನಲ್ಲಿ ಶಾಫ್ಟನ್ನು ಎರಡೂ ಕೈಯಲ್ಲಿ ಹಿಡಿದು ತಿರುಚು, ಎತ್ತಿ ನೋಡು. ಕ್ರಾಸ್ ಹತ್ತಿರ ಟಕ್ ಅಂದರೆ ಆಯುಸ್ಸು ಮುಗಿದಿದೆ. ಗ್ರೀಸಿಲ್ಲದೆ ಒಣಗಿದ ಕ್ರಾಸಿನ ಕಪ್ ಅಂಚಿನಲ್ಲಿ ಇಟ್ಟಿಗೆ ಬಣ್ಣದ ಪುಡಿ ಕಾಣುತ್ತೆ ಅಂತಾರೆ. ನಮ್ಮೂರಲ್ಲಿ ಗಾಡಿಯ ಹೊಟ್ಟೆಯೆಲ್ಲ ಅದೇ ಬಣ್ಣ, ಏನು ಮಾಡೋದು! ಬಟ್ಟೆಯಲ್ಲಿ ಒರೆಸಿ ಎರಡು ದಿನ ಓಡಿಸಿ ನೋಡು. ಕಪ್ ಅಂಚಿಗೆ ಮಾತ್ರ ಪುಡಿ ಬಂದಿದ್ದರೆ ತುಕ್ಕು, ಎಲ್ಲ ಕಡೆ ಬಂದಿದ್ದರೆ ರಸ್ತೆಯ ಧೂಳು. ಶಾಫ್ಟಿಗೆ ವೆಲ್ಡ್ ಮಾಡಿದ ಸಣ್ಣ ತೂಕದ ಬಿಲ್ಲೆ ಉದುರಿದ ಗುರುತಿದೆಯಾ, ಎರಡು ತುಂಡಿನ ಶಾಫ್ಟಾದರೆ ಸೆಂಟರ್ ಬೇರಿಂಗಿನ ರಬ್ಬರ್ ಹರಿದಿದೆಯಾ, ಅದನ್ನೂ ನೋಡು.

ಶಾಫ್ಟ್ ಇಳಿಸುವ ದಿನ ನೀನೇ ಹತ್ತಿರ ನಿಲ್ಲು. ಬಿಚ್ಚುವ ಮೊದಲು ಎರಡೂ ಕಡೆಯ ಫ್ಲ್ಯಾಂಜಿಗೆ, ಜಾರುವ ತುಂಡಿಗೆ (ಸ್ಲಿಪ್ ಯೋಕ್) ಪೇಂಟಿನ ಗೆರೆ ಎಳೆಸು, ಕೂರಿಸುವಾಗ ಗೆರೆಗೆ ಗೆರೆ ಸೇರಬೇಕು. ಜಾರುವ ತುಂಡು ಒಂದು ಹಲ್ಲು ಆಚೀಚೆ ಕೂತರೂ ಎರಡು ಕ್ರಾಸುಗಳ ಹೊಂದಿಕೆ ತಪ್ಪಿ, ಇಲ್ಲದಿದ್ದ ನಡುಕ ಹೊಸದಾಗಿ ಬರುತ್ತೆ. ಮೇಸ್ತ್ರಿ ಬೇಜಾರು ಮಾಡಿಕೊಂಡರೆ ಟೀ ಕುಡಿಸು. ಕೆಲಸ ಮುಗಿದ ಮೇಲೆ ಅವನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಖಾಲಿ ಗಾಡಿಯಲ್ಲಿ ಒಮ್ಮೆ, ಲೋಡ್ ಹಾಕಿ ಒಮ್ಮೆ 80ಕ್ಕೆ ಓಡಿಸಿ, ಆಮೇಲೆ ದುಡ್ಡು ಎಣಿಸು.