ಕುಡಿತ ಬಿಟ್ಟವರಿಗೆ ಸಂಗಾತಿಗಳ ಸಭೆ

ಕುಡಿತದ ಚಟ ಒಂದು ಕಾಯಿಲೆ. ದಿನವೂ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ನಿದ್ರಾಹೀನತೆ, ಕೆಲವರಲ್ಲಿ ಎರಡು-ಮೂರು ದಿನಗಳೊಳಗೆ ಫಿಟ್ಸ್, ಭ್ರಮೆ ಕಾಣಿಸಿಕೊಳ್ಳಬಹುದು. ಇದರಿಂದ ಪ್ರಾಣಾಪಾಯವೂ ಉಂಟು. ಆದ್ದರಿಂದ ಮೊದಲು ವೈದ್ಯರನ್ನು ಕಾಣಿರಿ.

ಔಷಧಿಯಿಂದ ನಡುಕ ನಿಲ್ಲುತ್ತದೆ. ಆದರೆ ಸಂಜೆ ವೈನ್ ಶಾಪಿನ ಮುಂದೆ ಹಳೆಯ ಗೆಳೆಯರು ಕರೆದಾಗ ‘ಬೇಡ’ ಎನ್ನಲು, ಅದೇ ಕಷ್ಟ ದಾಟಿ ಬಂದವರ ಸಂಗ ಬೇಕು.

ಚಾರ್ಮಾಡಿಯವರು ಇದಕ್ಕಾಗಿ ದೂರ ಹುಡುಕಬೇಕಾಗಿಲ್ಲ. 1982ರಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಆರಂಭವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯು ಜನಜಾಗೃತಿ ವೇದಿಕೆಯೊಂದಿಗೆ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತದೆ. ಅಲ್ಲಿ ಪಾನಮುಕ್ತರಾದವರು ಮುಂದೆ ‘ನವಜೀವನ ಸಮಿತಿ’ಯಲ್ಲಿ ಒಟ್ಟು ಸೇರುತ್ತಾರೆ. ಸಭೆ ಎಲ್ಲಿ, ಯಾವ ದಿನ ಎಂಬುದನ್ನು ಯೋಜನೆಯ ನಿಮ್ಮೂರಿನ ಸೇವಾಪ್ರತಿನಿಧಿಯಲ್ಲಿ ಕೇಳಿ.

ಊರವರ ಮುಂದೆ ಸಂಕೋಚವೇ? ಆಲ್ಕೊಹಾಲಿಕ್ಸ್ ಅನಾನಿಮಸ್ (ಎ.ಎ.) ಸಭೆಗಳು ಮಂಗಳೂರಿನಲ್ಲಿವೆ. 1935ರಲ್ಲಿ ಅಮೆರಿಕದಲ್ಲಿ ಆರಂಭವಾದ ಈ ಕೂಟದಲ್ಲಿ ಶುಲ್ಕವಿಲ್ಲ. ನಿಮ್ಮ ಹೆಸರು ಗುಟ್ಟಾಗಿಯೇ ಇರುತ್ತದೆ. ಕುಡಿಯುವುದನ್ನು ಬಿಡಬೇಕೆಂಬ ಆಸೆಯೊಂದಿದ್ದರೆ ಸಾಕು. ಮನಸ್ಸು ತೀರಾ ಕುಗ್ಗಿದಾಗ ಸರಕಾರದ ಟೆಲಿ-ಮಾನಸ್ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು.

ಮನೆಯವರಿಗೆ ಒಂದು ಮಾತು: ಬಿಟ್ಟವರು ಮತ್ತೆ ಕುಡಿದರೆ ಹಂಗಿಸಬೇಡಿ, ಕೈಬಿಡಬೇಡಿ. ವೈದ್ಯರಿಗೆ ತಿಳಿಸಿ, ಮುಂದಿನ ಸಭೆಗೆ ಜತೆಯಲ್ಲಿ ನಡೆಯಿರಿ.