ರಕ್ಷಣೆ ಎಂದರೇನು? – ಫಿಲಿಪ್ಪಿಯ ಸೆರೆಮನೆಯಿಂದ ಒಂದು ಪಾಠ

ಅಪೊಸ್ತಲರ ಕೃತ್ಯಗಳು 16ನೇ ಅಧ್ಯಾಯ ತೆರೆಯಿರಿ. 16ರಿಂದ 40ರವರೆಗಿನ ವಚನಗಳು. ಮೊಬೈಲ್‌ನಲ್ಲಿ ಓದುವವರು ವಾಟ್ಸಾಪ್ ಒಂದರ್ಧ ಗಂಟೆ ಮರೆತುಬಿಡಿ.

ಈ ಭಾಗವನ್ನು ಯಾಕೆ ಆರಿಸಿಕೊಂಡೆ ಅಂತ ಮೊದಲು ಹೇಳ್ತೇನೆ. ಪ್ರತಿ ಯೂತ್ ಕ್ಯಾಂಪ್ ಆದ ಮೇಲೂ ನಿಮ್ಮಲ್ಲಿ ಯಾರಾದರೂ ಬಂದು ಒಂದೇ ಪ್ರಶ್ನೆ ಕೇಳ್ತೀರಿ: "ಬ್ರದರ್, ನಾನು ನಿಜವಾಗ್ಲೂ ರಕ್ಷಣೆ ಹೊಂದಿದ್ದೇನಾ?" ಹತ್ತನೇ ಕ್ಲಾಸಿನಲ್ಲಿ ಕೈ ಎತ್ತಿದ್ದೀರಿ, ಪಿಯುಸಿಯಲ್ಲಿ ಮತ್ತೆ ಎತ್ತಿದ್ದೀರಿ, ಕೆಲಸಕ್ಕೆ ಸೇರಿದ ವರ್ಷ ಕನ್ವೆನ್ಷನ್‌ನಲ್ಲಿ ಅಳುತ್ತಾ ಮುಂದೆ ಬಂದಿದ್ದೀರಿ. ಆದರೂ ಒಂದು ಪಾಪದಲ್ಲಿ ಬಿದ್ದ ರಾತ್ರಿ ಎಲ್ಲಾ ಕಳೆದುಹೋಯ್ತು ಅನ್ನಿಸುತ್ತದೆ. ಈ ಭಯ ಚಿಕ್ಕದಲ್ಲ. ಇದೇ ಭಯದಿಂದ ಸಭೆಗೆ ಬರೋದನ್ನೇ ಬಿಟ್ಟ ಯೌವನಸ್ಥರನ್ನು ನಾನು ಬಲ್ಲೆ. ಆದ್ದರಿಂದ ಇವತ್ತು, ರಕ್ಷಣೆಯ ಬಗ್ಗೆ ಇಡೀ ಬೈಬಲ್‌ನಲ್ಲೇ ಅತಿ ನೇರವಾದ ಪ್ರಶ್ನೆ ಕೇಳಿದ ಒಬ್ಬ ಮನುಷ್ಯನನ್ನು ನೋಡೋಣ. ಅವನ ಹೆಸರೂ ನಮಗೆ ಗೊತ್ತಿಲ್ಲ. ಸೆರೆಮನೆಯ ಯಜಮಾನ, ಅಷ್ಟೇ.

ಫಿಲಿಪ್ಪಿ ಮಕೆದೋನ್ಯದ ಪಟ್ಟಣ. ಕ್ರಿಸ್ತಪೂರ್ವ 42ರಲ್ಲಿ ಅಲ್ಲಿ ದೊಡ್ಡ ಯುದ್ಧ ನಡೆದ ಮೇಲೆ ನಿವೃತ್ತ ರೋಮನ್ ಸೈನಿಕರಿಗೆ ಆ ಊರಲ್ಲಿ ಜಮೀನು ಕೊಟ್ಟು ನೆಲೆಗೊಳಿಸಿದರು. ಹಾಗಾಗಿ ಅದು ರೋಮಿನ ವಸಾಹತು, ರೋಮಿನ ಕಾನೂನು. ಪೌಲನು ಅಲ್ಲಿ ದುರಾತ್ಮ ಹಿಡಿದಿದ್ದ ಒಬ್ಬ ದಾಸಿ ಹುಡುಗಿಯನ್ನು ಬಿಡಿಸಿದ. ಅವಳ ಕಣಿಯಿಂದ ದುಡ್ಡು ಮಾಡುತ್ತಿದ್ದ ಯಜಮಾನರಿಗೆ ಸಿಟ್ಟು ಬಂತು. ಪೌಲ ಸೀಲರನ್ನು ಎಳೆದುಕೊಂಡು ಹೋಗಿ, ಬಟ್ಟೆ ಹರಿದು, ಕೋಲಿನಿಂದ ಹೊಡೆಸಿ ಜೈಲಿಗೆ ಹಾಕಿಸಿದರು. ಭದ್ರವಾಗಿ ಕಾಯಬೇಕು ಅಂತ ಯಜಮಾನನಿಗೆ ಆಜ್ಞೆ. ಅವನು ಒಳಗಣ ಕೋಣೆಗೆ ದೂಡಿ ಕಾಲಿಗೆ ಕೋಳ ಹಾಕಿದ. ಗಾಯಕ್ಕೆ ಒಂದು ತೊಟ್ಟು ನೀರು ಹಾಕಲಿಲ್ಲ, ಹೋಗಿ ಮಲಗಿದ.

ಮಧ್ಯರಾತ್ರಿಯ ಸ್ತೋತ್ರ, ಭೂಕಂಪ, ತೆರೆದ ಬಾಗಿಲು, ಇದೆಲ್ಲಾ ಸಂಡೇ ಸ್ಕೂಲ್‌ನಿಂದ ನಿಮಗೆ ಗೊತ್ತು. ಇದರ ಮೇಲೆ ಹಾಡು ಹಾಡಿ ಕುಣಿದಿದ್ದೀರಿ ಕೂಡ. ನಾನು ನಿಲ್ಲಬೇಕು ಅಂದುಕೊಂಡಿರೋದು 27ನೇ ವಚನದಲ್ಲಿ. ಬಾಗಿಲುಗಳು ತೆರೆದಿರುವುದನ್ನು ಕಂಡ ಯಜಮಾನ ಕತ್ತಿ ಹಿರಿದು ತನ್ನನ್ನೇ ಕೊಂದುಕೊಳ್ಳಲು ಹೊರಟ. ಯಾಕೆ? ಕೈದಿ ತಪ್ಪಿಸಿಕೊಂಡರೆ ಕಾವಲುಗಾರನ ಪ್ರಾಣ ಹೋಗುತ್ತಿತ್ತು. 12ನೇ ಅಧ್ಯಾಯದಲ್ಲಿ ಪೇತ್ರನು ಜೈಲಿನಿಂದ ಹೊರಗೆ ಬಂದ ಮೇಲೆ ಹೆರೋದನು ಕಾವಲುಗಾರರಿಗೆ ಮರಣದಂಡನೆ ಕೊಟ್ಟಿದ್ದು ನೆನಪಿದೆಯಾ? ಅವಮಾನದ ಸಾವಿಗಿಂತ ಇದೇ ಮೇಲು ಅಂತ ಇವನು ಲೆಕ್ಕ ಹಾಕಿದ.

ಆಗ ಕತ್ತಲೊಳಗಿಂದ ಪೌಲ ಗಟ್ಟಿಯಾಗಿ ಕೂಗಿದ: ನಿನಗೆ ನೀನೇ ಕೇಡು ಮಾಡಿಕೊಳ್ಳಬೇಡ, ನಾವೆಲ್ಲರೂ ಇಲ್ಲೇ ಇದ್ದೇವೆ ಅಂತ. ಗಮನಿಸಿ, ಆ ಮನುಷ್ಯನಿಗೆ ಕೇಳಿಸಿದ ಮೊದಲ ಸುವಾರ್ತೆ ಇದು. ಪಾಪದ ಬಗ್ಗೆ ಅಲ್ಲ, ನರಕದ ಬಗ್ಗೆ ಅಲ್ಲ. ನೀನು ಸಾಯಬೇಡ ಅಂತ. ಅದೂ ಅವನು ಕೋಳ ಹಾಕಿದವರ ಬಾಯಿಂದ!

ಇಲ್ಲಿ ಒಂದು ಮಾತು ಪಕ್ಕಕ್ಕೆ ಇಟ್ಟು ಹೇಳ್ತೇನೆ. ಕೆಲಸ ಹೋಯ್ತು, ರಿಸಲ್ಟ್ ಕೆಟ್ಟಿತು, ಮನೆಯವರಿಗೆ ಮುಖ ತೋರಿಸಲಾಗಲ್ಲ ಅನ್ನೋ ಲೆಕ್ಕದಲ್ಲಿ ಇಲ್ಲಿ ಯಾರಾದರೂ ಕತ್ತಿ ಹಿರಿದು ಕೂತಿದ್ದರೆ, ಪೌಲನ ಮಾತು ನಿಮಗೂ ಸೇರಿದೆ. ನಾವೆಲ್ಲರೂ ಇಲ್ಲೇ ಇದ್ದೇವೆ. ಎಷ್ಟು ಹೊತ್ತಾದರೂ ನನಗೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ನಂಬರ್ 14416 ಇದೆ, ಕನ್ನಡದಲ್ಲೂ ಮಾತಾಡ್ತಾರೆ. ಪ್ರಾರ್ಥನೆ ಮಾಡೋಣ, ಡಾಕ್ಟರ ಹತ್ತಿರವೂ ಹೋಗೋಣ. ಡಾಕ್ಟರ ಹತ್ತಿರ ಹೋದರೆ ನಂಬಿಕೆ ಕಡಿಮೆ ಅಂತ ಯಾರಾದರೂ ಹೇಳಿದರೆ ನಾನು ಒಪ್ಪಲ್ಲ.

ಸರಿ, ವಾಕ್ಯಕ್ಕೆ ಬರೋಣ. ಅವನು ದೀಪ ತರಿಸಿ, ನಡುಗುತ್ತಾ ಬಂದು ಕಾಲಿಗೆ ಬಿದ್ದು ಕೇಳಿದ: ರಕ್ಷಣೆ ಹೊಂದಬೇಕಾದರೆ ನಾನು ಮಾಡಬೇಕಾದ್ದು ಏನು? ಯಾವುದರಿಂದ ರಕ್ಷಣೆ? ಸ್ವಲ್ಪ ಯೋಚಿಸಿ. ಭೂಕಂಪ ನಿಂತಿದೆ. ಕೈದಿಗಳು ಒಬ್ಬರೂ ಓಡಿಹೋಗಿಲ್ಲ. ಅವನ ಕೆಲಸ ಉಳೀತು, ತಲೆಯೂ ಉಳೀತು. ಆದರೂ ಕೇಳ್ತಾನೆ. ಅಂದರೆ ಹೊರಗಿನ ಅಪಾಯ ಹೋದ ಮೇಲೂ ಒಳಗೆ ಏನೋ ಒಂದು ಅಪಾಯ ಉಳಿದಿದೆ ಅಂತ ಅವನಿಗೆ ತಿಳೀತು. ಬೀಗದ ಕೈ ಇದ್ದದ್ದು ಅವನ ಸೊಂಟದಲ್ಲಿ, ಬಿಡುಗಡೆ ಇದ್ದದ್ದು ಕೈದಿಗಳ ಮುಖದಲ್ಲಿ.

ಬೈಬಲ್ ಕಾಲೇಜಿನಲ್ಲಿ ಕಲಿತ ಒಂದು ಪದ ಹೇಳ್ತೇನೆ. ಗ್ರೀಕ್‌ನಲ್ಲಿ 'ಸೋಜೋ'. ಹನ್ನೆರಡು ವರ್ಷ ರಕ್ತಕುಸುಮದಿಂದ ನರಳಿದ ಸ್ತ್ರೀ ವಾಸಿಯಾದಾಗಲೂ ಇದೇ ಪದ (ಮಾರ್ಕ 5:34). ಪೇತ್ರ ನೀರಲ್ಲಿ ಮುಳುಗುತ್ತಾ ಕೂಗಿದಾಗಲೂ ಇದೇ ಪದ (ಮತ್ತಾಯ 14:30). ಯಜಮಾನ ಕೇಳಿದ್ದರಲ್ಲೂ ಇದೇ. ನಾವು ವಾಸಿಮಾಡೋದು, ಕಾಪಾಡೋದು, ರಕ್ಷಿಸೋದು ಅಂತ ಬೇರೆ ಬೇರೆ ಹೇಳ್ತೇವೆ. ಅಲ್ಲಿ ಮೂರಕ್ಕೂ ಒಂದೇ. ಮುಳುಗುವವನು ಈಜು ಕಲಿತು ರಕ್ಷಣೆ ಹೊಂದಲ್ಲ. ಇನ್ನೊಬ್ಬರು ಕೈ ಹಿಡಿಯಬೇಕು.

ಆಫೀಸಿನಲ್ಲಿ ಗೆಳೆಯರು ಕೇಳ್ತಾರೆ, ನಿಮ್ಮ ರಕ್ಷಣೆ ಅಂದ್ರೆ ಮೋಕ್ಷನಾ ಅಂತ. ಗೌರವದಿಂದ ಉತ್ತರ ಕೊಡಿ, ವಾದಕ್ಕೆ ಇಳಿಯಬೇಡಿ. ಮೋಕ್ಷ ಅಂದರೆ ಹುಟ್ಟುಸಾವುಗಳ ಸುತ್ತಿನಿಂದ ಬಿಡುಗಡೆ. ಸತ್ಯವೇದ ಹೇಳುವ ರಕ್ಷಣೆ ಪಾಪದಿಂದಲೂ ದೇವರ ನ್ಯಾಯತೀರ್ಪಿನಿಂದಲೂ ಬಿಡುಗಡೆ, ಮುರಿದ ಸಂಬಂಧ ತಂದೆಯೊಂದಿಗೆ ಸರಿಹೋಗುವುದು. ನಾವಿನ್ನೂ ಪಾಪಿಗಳಾಗಿದ್ದಾಗಲೇ ಕ್ರಿಸ್ತನು ನಮಗೋಸ್ಕರ ಸತ್ತನು (ರೋಮಾಪುರ 5:8). ಇನ್ನೂ ಆಗಿದ್ದಾಗಲೇ, ಸರಿಹೋದ ಮೇಲಲ್ಲ. ದೇವರಿಗೆ ಸ್ತೋತ್ರ!

ಏನು ಮಾಡಬೇಕು ಅಂತ ಕೇಳಿದವನಿಗೆ ಪೌಲ ಕೊಟ್ಟ ಉತ್ತರದಲ್ಲಿ ಮಾಡುವಂಥದ್ದೇ ಇಲ್ಲ. ಕರ್ತನಾದ ಯೇಸುವಿನ ಮೇಲೆ ನಂಬಿಕೆಯಿಡು, ಅಷ್ಟೇ. ನಂಬಿಕೆ ಅಂದರೆ ದೇವರಿದ್ದಾನೆ ಅಂತ ತಲೆಯಾಡಿಸುವುದಲ್ಲ, ಅದನ್ನು ದೆವ್ವಗಳೂ ನಂಬುತ್ತವೆ (ಯಾಕೋಬ 2:19). ನನ್ನ ಭಾರವನ್ನೆಲ್ಲಾ ಅವನ ಮೇಲೆ ಬಿಡುವುದು. ಅವತ್ತು ರಾತ್ರಿ ಅನ್ಯಭಾಷೆಯ ಮಾತು ಬರೆದಿಲ್ಲ, ಮನೆಯವರೆಲ್ಲಾ ಸಂತೋಷಪಟ್ಟರು ಅಂತ ಬರೆದಿದೆ. ಪವಿತ್ರಾತ್ಮನ ದೀಕ್ಷಾಸ್ನಾನವನ್ನು ನಾನು ನಂಬ್ತೇನೆ, ನೀವೂ ಹುಡುಕಬೇಕು ಅಂತ ಬೋಧಿಸ್ತೇನೆ. ಆದರೆ ಅನ್ಯಭಾಷೆ ಬಂದಿಲ್ಲ, ಹಾಗಾದ್ರೆ ರಕ್ಷಣೆಯೇ ಇಲ್ಲ ಅಂತ ಅಳುವ ತಂಗಿಯರಿಗೆ ಹೇಳ್ತೇನೆ, ಎರಡನ್ನೂ ಒಂದು ಮಾಡಬೇಡಿ.

ಆಮೇಲೆ ಏನಾಯ್ತು? ಅದೇ ಹೊತ್ತಿನಲ್ಲಿ ಯಜಮಾನ ಅವರ ಗಾಯ ತೊಳೆದ. ಸಾಯಂಕಾಲ ಕಾಣದ ಗಾಯ ರಾತ್ರಿ ಕಂಡಿತು. ಅವನು ಅವರನ್ನು ತೊಳೆದ, ದೀಕ್ಷಾಸ್ನಾನದಲ್ಲಿ ಅವನೇ ತೊಳೆಯಲ್ಪಟ್ಟ. ಆದಿಸಭೆಯ ಬೋಧಕ ಕ್ರಿಸೋಸ್ತೊಮನು ಇದನ್ನು ಬಹಳ ಹಿಂದೆಯೇ ಗುರುತಿಸಿದ್ದಾನೆ. ಮನೆಗೆ ಕರೆದು ಊಟವನ್ನೂ ಹಾಕಿದ. ಇದನ್ನೆಲ್ಲಾ ಮಾಡಿ ಅವನು ರಕ್ಷಣೆ ಸಂಪಾದಿಸಲಿಲ್ಲ, ಸಿಕ್ಕ ಮೇಲೆ ಕೈ ಸುಮ್ಮನಿರಲಿಲ್ಲ.

36ನೇ ವಚನ ನನಗೆ ತುಂಬಾ ಇಷ್ಟ. ಬೆಳಗಾಯ್ತು, ಅಧಿಕಾರಿಗಳ ಆಳುಗಳು ಬಂದರು, ಆ ಮಾತನ್ನು ಪೌಲನಿಗೆ ತಿಳಿಸಿದ್ದು ಯಾರು? ಅದೇ ಯಜಮಾನ. ಅದೇ ಡ್ಯೂಟಿ, ಅದೇ ಮೇಲಧಿಕಾರಿ. ಪ್ರಮೋಷನ್ ಬರಲಿಲ್ಲ. ರಕ್ಷಣೆ ಹೊಂದಿದ ಸೋಮವಾರವೂ ನಿಮ್ಮ ಟೀಮ್ ಲೀಡ್ ಹಾಗೇ ಇರ್ತಾರೆ.

ಈಗ ನಿಮ್ಮ ಭಯಕ್ಕೆ ಬರ್ತೇನೆ. ವರ್ಷಗಳ ನಂತರ ಪೌಲ ಮತ್ತೆ ಬೇಡಿಯಲ್ಲಿದ್ದಾಗ ಇದೇ ಊರಿನ ಸಭೆಗೆ ಪತ್ರ ಬರೆದ. ಸಭೆಯಲ್ಲಿ ಅದನ್ನು ಓದಿದಾಗ ಈ ಯಜಮಾನ, ಕೂದಲು ನರೆತು, ಹಿಂದಿನ ಸಾಲಿನಲ್ಲಿ ಕೂತು ಕೇಳಿರಬಹುದು. ಇದು ನನ್ನ ಊಹೆ. ಆದರೆ ಪತ್ರದಲ್ಲಿರೋದು ಊಹೆಯಲ್ಲ. 2:12ರಲ್ಲಿ ಪೌಲ ಹೇಳ್ತಾನೆ, ಮನೋಭೀತಿಯಿಂದ ನಡುಗುತ್ತಾ ನಿಮ್ಮ ರಕ್ಷಣೆಯನ್ನು ಸಾಧಿಸಿಕೊಳ್ಳಿ ಅಂತ. ಈ ಒಂದು ವಚನ ಓದಿ ನೀವು ಹೆದರ್ತೀರಿ, ನಂತರದ ವಚನ ಓದಲ್ಲ. ನಿಮ್ಮೊಳಗೆ ಕೆಲಸ ಮಾಡುತ್ತಿರುವವನು ದೇವರೇ ಅಂತ 13ರಲ್ಲಿದೆ. 1:6ರಲ್ಲಿ, ಶುರುಮಾಡಿದವನೇ ಪೂರೈಸ್ತಾನೆ ಅಂತ ಇದೆ. ಆದ ರಕ್ಷಣೆ ಇದೆ (ಎಫೆಸ 2:8), ಆಗುತ್ತಿರುವ ರಕ್ಷಣೆ ಇದೆ (1 ಕೊರಿಂಥ 1:18), ಮುಂದೆ ಆಗಲಿರುವ ರಕ್ಷಣೆಯೂ ಇದೆ (ರೋಮಾಪುರ 5:9). ನೀವು ಬಿದ್ದದ್ದು ನಡುವಿನದರಲ್ಲಿ, ದಾರಿಯಲ್ಲಿ. ಬಿದ್ದವರು ಎದ್ದು ನಡೀಬೇಕು, ಪ್ರತಿಸಲ ಹುಟ್ಟಿದ ಆಸ್ಪತ್ರೆಗೆ ಓಡಬಾರದು. ಪಾಪವನ್ನು ಒಪ್ಪಿಕೊಂಡರೆ ಅವನು ಕ್ಷಮಿಸ್ತಾನೆ (1 ಯೋಹಾನ 1:9). ಹಾಗಂತ ಪಾಪದಲ್ಲೇ ಕೂತಿರುತ್ತೇನೆ ಅನ್ನುವವರಿಗೆ ನಾನು ಧೈರ್ಯ ಕೊಡ್ತಾ ಇಲ್ಲ. ಅಂಥವರು ಹೆದರೋದೇ ಒಳ್ಳೇದು. ನಾನು ಮಾತಾಡ್ತಿರೋದು ಬಿದ್ದು ಅಳುವವರ ಹತ್ತಿರ.

ಇವತ್ತು ಕೈ ಎತ್ತಿ ಅಂತ ಕೇಳಲ್ಲ. ಯೇಸುವನ್ನು ಇನ್ನೂ ನಂಬಿಲ್ಲದವರು ಪ್ರಾರ್ಥನೆ ಆದ ಮೇಲೆ ನನ್ನ ಹತ್ತಿರ ಬನ್ನಿ, ಕೂತು ಮಾತಾಡೋಣ. ನಂಬಿದ್ದರೂ ದೀಕ್ಷಾಸ್ನಾನ ಮುಂದೂಡುತ್ತಾ ಬಂದವರು ಹೆಸರು ಕೊಡಿ. ಉಳಿದವರು ಪಕ್ಕದಲ್ಲಿರುವವರ ಜೊತೆ ಇಬ್ಬಿಬ್ಬರಾಗಿ ಕೂತುಕೊಳ್ಳಿ, ಒಬ್ಬರ ಭಾರ ಇನ್ನೊಬ್ಬರು ಕೇಳಿ, ಹೆಸರು ಹೇಳಿ ಪ್ರಾರ್ಥಿಸಿ. ಹತ್ತು ನಿಮಿಷ. ಕೀಬೋರ್ಡ್ ಸ್ವಲ್ಪ ಮೆತ್ತಗೆ ಇರಲಿ, ಮಾತು ಕೇಳಿಸಬೇಕು. ಆಮೆನ್.