108ಕ್ಕೆ ಫೋನ್ ಮಾಡಿದಾಗ ಏನು ಹೇಳಬೇಕು?



ಭತ್ತದ ನಾಟಿ ಹಚ್ಚುವಾಗ ಜೊತೆಗಿದ್ದವಳಿಗೆ ಹಾವು ಕಚ್ಚಿತು ಎಂದುಕೊಳ್ಳಿರಿ. ಕೈಯಲ್ಲಿ ಫೋನ್ ಇದೆ. ಆದರೆ ಗಾಬರಿಯಲ್ಲಿ, "ಲಗೂನ ಗಾಡಿ ಕಳಸ್ರಿ, ಹಾವು ಕಡದದ!" ಎಂದಷ್ಟೇ ಹೇಳಿ ಫೋನ್ ಇಟ್ಟರೆ, ಗಾಡಿ ಎಲ್ಲಿಗೆ ಬರಬೇಕು?

ನಮ್ಮ ರಾಜ್ಯದಲ್ಲಿ 'ಆರೋಗ್ಯ ಕವಚ' ಎಂಬ 108 ಅಂಬ್ಯುಲೆನ್ಸ್ ಸೇವೆ 2008ರ ನವೆಂಬರ್ 1ರಂದು ಆರಂಭವಾಯಿತು. ಹೆರಿಗೆ ನೋವು, ಅಪಘಾತ, ಎದೆನೋವು, ಹಾವು ಕಡಿತ ಯಾವುದಕ್ಕಾದರೂ ಕರೆಯಬಹುದು. ಕರೆಗೂ ಗಾಡಿಗೂ ಹಣ ಕೊಡಬೇಕಿಲ್ಲ. ಬೆಂಕಿ ಬಿದ್ದರೆ, ಹೊಡೆದಾಟ ಅಥವಾ ಮನೆಯಲ್ಲಿ ಹಿಂಸೆ ನಡೆದರೆ 112ಕ್ಕೆ ಕರೆಯಿರಿ.

ಒಂದು ಮಾತು ನೆನಪಿರಲಿ. ಫೋನ್ ಎತ್ತುವವರು ನಮ್ಮೂರ ಆಸ್ಪತ್ರೆಯವರಲ್ಲ, ಕರೆ ಕೇಂದ್ರದವರು. ನಮ್ಮ ಓಣಿ, ನಮ್ಮ ಹೊಲ ಅವರಿಗೆ ಗೊತ್ತಿಲ್ಲ. ಆದ್ದರಿಂದ ಈ ಕ್ರಮದಲ್ಲಿ ಹೇಳಿರಿ:

1. ಸ್ಥಳ ಮೊದಲು. ಜಿಲ್ಲೆ, ತಾಲೂಕು, ಊರು, ಗುರುತು. ಹುಣಸಗಿ ಮೊದಲು ಸುರಪುರ ತಾಲೂಕಿನಲ್ಲಿತ್ತು. ಈಗ ಅದೇ ತಾಲೂಕು. ಹೊಲದಲ್ಲಿದ್ದರೆ ಯಾವ ರಸ್ತೆ, ಕಾಲುವೆಯ ಯಾವ ಸೇತುವೆ ಹತ್ತಿರ ಎಂದು ತಿಳಿಸಿರಿ.
2. ಏನಾಗಿದೆ, ಎಷ್ಟು ಹೊತ್ತಾಯಿತು.
3. ಎಷ್ಟು ಜನಕ್ಕೆ, ವಯಸ್ಸೆಷ್ಟು, ಎಚ್ಚರ ಇದೆಯೇ, ಉಸಿರಾಟ ಹೇಗಿದೆ.
4. ನಿಮ್ಮ ಹೆಸರು, ಫೋನ್ ನಂಬರ್.

ಹೀಗೆ ಹೇಳಬಹುದು: "ಯಾದಗಿರಿ ಜಿಲ್ಲಾ, ಹುಣಸಗಿ ತಾಲೂಕು, ಕೊಡೇಕಲ್‌ರೀ. ಹನುಮಪ್ಪನ ಗುಡಿ ಮುಂದ ನಿಂತೀವಿ. ನಮ್ಮ ಅತ್ತಿಯವರಿಗೆ ಹಾವು ಕಡದು ಹತ್ತು ನಿಮಿಷ ಆತ್ರಿ. ಐವತ್ತು ವರ್ಷ, ಮಾತಾಡ್ತಾರ."

ಅವರು "ಇಡಿ" ಎನ್ನುವ ತನಕ ಫೋನ್ ಇಡಬೇಡಿರಿ. "ಇಷ್ಟು ಯಾಕ ಕೇಳ್ತಾರ?" ಎಂದು ಸಿಟ್ಟಾಗಬೇಡಿರಿ. ಗಾಡಿಯವರು ದಾರಿ ಕೇಳಲು ತಿರುಗಿ ಫೋನ್ ಮಾಡುತ್ತಾರೆ; ಆ ಫೋನಿನಿಂದ ನೆಂಟರಿಗೆಲ್ಲ ಕರೆ ಮಾಡುತ್ತ ಕೂಡಬೇಡಿರಿ. ಒಬ್ಬರು ರಸ್ತೆಗೆ ಹೋಗಿ ನಿಲ್ಲಲಿ; ರಾತ್ರಿಯಾದರೆ ಬ್ಯಾಟರಿ ಹಿಡಿಯಲಿ.

ಹಾವು ಕಚ್ಚಿದವರನ್ನು ನಡೆಸಬೇಡಿರಿ. ಗಾಯ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಬಾಯಿಂದ ವಿಷ ಹೀರುವುದು ಬೇಡ. ಮಂತ್ರ ಹಾಕಿಸಲು ಹೋಗಿ ಹೊತ್ತು ಕಳೆಯಬೇಡಿರಿ. ವಿಷಕ್ಕೆ ಮದ್ದು ಆಸ್ಪತ್ರೆಯಲ್ಲಿದೆ.

ಸಭೆಯಲ್ಲಿ ಮಾಡೋಣ: ಒಬ್ಬರು 108ರವರಾಗಲಿ, ಇನ್ನೊಬ್ಬರು ಕರೆ ಮಾಡುವವರಾಗಲಿ. ಓದು ಬಾರದ ಅಕ್ಕಂದಿರಿಗೂ ಬಾಯಿಪಾಠ ಆಗಲಿ. ಪ್ರತಿಯೊಬ್ಬರ ಮನೆಯ ಗುರುತನ್ನು ಸಂಘದ ಪುಸ್ತಕದಲ್ಲಿ ಬರೆದಿಡಿರಿ. ಇವತ್ತು ಕಲಿತ ನಾಲ್ಕು ಮಾತು ನಾಳೆ ಒಂದು ಜೀವ ಉಳಿಸೀತು.